ರಾತ್ರಿ ಹತ್ತು ಗಂಟೆಯ ಐಸ್

ಅಮೆರಿಕದ ನಾರ್ತ್ ಕ್ಯಾರೊಲೈನಾ ಬ್ಯಾಸ್ಕೆಟ್‌ಬಾಲ್ ಹುಚ್ಚಿನ ರಾಜ್ಯ. ಮೈಕಲ್ ಜೋರ್ಡನ್ ಓದಿ ಆಡಿದ ವಿಶ್ವವಿದ್ಯಾಲಯ ಇರುವುದು ಇಲ್ಲಿನ ಚಾಪೆಲ್ ಹಿಲ್‌ನಲ್ಲಿ. ಅದರ ಬದ್ಧ ಎದುರಾಳಿ ಡ್ಯೂಕ್ ಪಕ್ಕದ ಡರ್ಹಮ್‌ನಲ್ಲಿದೆ. ಜನವರಿಯ ಹಗಲಲ್ಲೂ ಹತ್ತು ಡಿಗ್ರಿಯ ಆಸುಪಾಸಿನಲ್ಲಿರುವ ಈ ಸೀಮೆಯಲ್ಲಿ ಕೆರೆಕುಂಟೆಯ ಮೇಲೆ ನಿಂತು ಆಡುವಷ್ಟು ಗಟ್ಟಿ ಹಿಮವನ್ನು ಯಾರೂ ನಂಬಿ ಕೂರುವುದಿಲ್ಲ. ಆದರೂ ಇವೇ ವಿಶ್ವವಿದ್ಯಾಲಯಗಳ ಹುಡುಗರು ಸ್ಕೇಟ್ಸ್ ಬಿಗಿದುಕೊಂಡು ಐಸ್ ಹಾಕಿ ಆಡುತ್ತಾರೆ. ಅದಕ್ಕೊಂದು ಲೀಗ್ ಇದೆ, ಅಂಕಪಟ್ಟಿ ಇದೆ, ಹಳೆಯ ಜಿದ್ದುಗಳಿವೆ. ಅಟ್ಲಾಂಟಿಕ್ ಕೋಸ್ಟ್ ಕಾಲೇಜಿಯೇಟ್ ಹಾಕಿ ಲೀಗ್ ಎಂಬುದು ಅದರ ಹೆಸರು. ಈ ಎರಡರ ಜೊತೆಗೆ ರಾಲಿಯ ನಾರ್ತ್ ಕ್ಯಾರೊಲೈನಾ ಸ್ಟೇಟ್, ವರ್ಜೀನಿಯಾ ರಾಜ್ಯದ ವರ್ಜೀನಿಯಾ ಟೆಕ್, ವರ್ಜೀನಿಯಾ ವಿಶ್ವವಿದ್ಯಾಲಯ ಮುಂತಾದವು ಇದರಲ್ಲಿ ಆಡಿಕೊಂಡು ಬಂದಿವೆ.

ಇಂಥ ಲೀಗ್ ಹೇಗೆ ನಡೆಯುತ್ತದೆ ಎಂದು ಕೇಳಿದರೆ ಕೋಚ್, ತಂತ್ರ, ಪ್ರತಿಭೆ ಎಂದೆಲ್ಲ ಉತ್ತರ ಬರಬಹುದು. ನನ್ನ ಮಟ್ಟಿಗೆ ಅವೆಲ್ಲ ಆಮೇಲಿನ ಮಾತು. ರಿಂಕ್‌ನಲ್ಲಿ ಯಾರಿಗೆ ಎಷ್ಟು ಗಂಟೆ ಸಿಕ್ಕಿತು, ಯಾವ ಹೊತ್ತಿನಲ್ಲಿ ಸಿಕ್ಕಿತು, ಅದರ ಬಾಡಿಗೆಯನ್ನು ಯಾರು ಕಟ್ಟಿದರು ಎಂಬುದನ್ನು ತಿಳಿದುಕೊಂಡರೆ ಮುಕ್ಕಾಲು ಪಾಲು ಲೀಗ್ ಅರ್ಥವಾದಂತೆಯೇ.

ಮೊದಲು ಅಂತಸ್ತಿನ ವಿಚಾರ. ಅಮೆರಿಕದ ಕಾಲೇಜು ಕ್ರೀಡೆಯಲ್ಲಿ ಮೇಲಿನ ಅಂತಸ್ತನ್ನು ವಾರ್ಸಿಟಿ ಎನ್ನುತ್ತಾರೆ. ಎನ್‌ಸಿಎಎ ಎಂಬ ರಾಷ್ಟ್ರೀಯ ಸಂಸ್ಥೆಯ ಅಡಿಯಲ್ಲಿ ಆಡುವ ಈ ತಂಡಗಳಿಗೆ ಕೋಚ್‌ನ ಸಂಬಳದಿಂದ ಹಿಡಿದು ವಿಮಾನದ ಟಿಕೆಟ್‌ವರೆಗೆ ಎಲ್ಲವೂ ವಿಶ್ವವಿದ್ಯಾಲಯದ್ದೇ. ಮೊದಲ ದರ್ಜೆಯ ಆಟಗಾರರಿಗೆ ಸ್ಕಾಲರ್‌ಶಿಪ್ ಕೂಡ ಉಂಟು. ಪುರುಷರ ಐಸ್ ಹಾಕಿಯಲ್ಲಿ ಮೊದಲ ದರ್ಜೆಯ ವಾರ್ಸಿಟಿ ತಂಡ ಇಟ್ಟುಕೊಂಡಿರುವ ಸಂಸ್ಥೆಗಳು ಇಡೀ ದೇಶದಲ್ಲಿ ಅರವತ್ತು ಚಿಲ್ಲರೆ ಮಾತ್ರ. ಹೆಚ್ಚಿನವು ಮಿಷಿಗನ್, ಮಿನೆಸೋಟ, ಮ್ಯಾಸಚೂಸೆಟ್ಸ್, ನ್ಯೂಯಾರ್ಕ್‌ನಂಥ ಚಳಿ ರಾಜ್ಯಗಳಲ್ಲಿವೆ. ಆಳ ದಕ್ಷಿಣದಲ್ಲಿ ಬಹುಕಾಲ ಒಂಟಿಯಾಗಿ ಉಳಿದಿದ್ದ ಅಲಬಾಮಾ-ಹಂಟ್ಸ್‌ವಿಲ್ ತಂಡವೂ 2020-21ರ ಋತುವಿನ ನಂತರ ಬಾಗಿಲು ಹಾಕಿತು.

ಕೆಳಗಿನ ಅಂತಸ್ತು ಕ್ಲಬ್. ಕಾಗದದ ಮೇಲೆ ಇದು ನಾಟಕ ಸಂಘ, ಚಾರಣ ಸಂಘಗಳ ಸಾಲಿನಲ್ಲೇ ನೋಂದಣಿಯಾದ ವಿದ್ಯಾರ್ಥಿ ಸಂಘ. ಅಧ್ಯಕ್ಷ ವಿದ್ಯಾರ್ಥಿ, ಖಜಾಂಚಿಯೂ ವಿದ್ಯಾರ್ಥಿ. ವಿಶ್ವವಿದ್ಯಾಲಯ ತನ್ನ ಹೆಸರು, ಲಾಂಛನ ಬಳಸಿಕೊಳ್ಳಲು ಬಿಡುತ್ತದೆ, ವಿದ್ಯಾರ್ಥಿ ಶುಲ್ಕದ ನಿಧಿಯಿಂದ ಒಂದಿಷ್ಟು ಹಣ ಕೊಡುತ್ತದೆ, ಹೇರಳವಾಗಿ ಫಾರಂಗಳನ್ನು ತುಂಬಿಸಿಕೊಳ್ಳುತ್ತದೆ. ಉಳಿದದ್ದಕ್ಕೆ ಹುಡುಗರೇ ವಂತಿಗೆ ಹಾಕಬೇಕು. ಕೋಚ್ ಎಂದರೆ ಬಹಳ ಕಡೆ ಹಗಲು ಬೇರೆ ಉದ್ಯೋಗ ಮಾಡಿಕೊಂಡಿರುವ, ಒಂದು ಕಾಲಕ್ಕೆ ತಾನೂ ಆಡಿದ ಮನುಷ್ಯ. ಗ್ಯಾಲರಿಯಲ್ಲಿ ಕೂತವರಿಗೆ ಇದ್ಯಾವುದೂ ಕಾಣುವುದಿಲ್ಲ. ಜರ್ಸಿಯ ಮೇಲೆ ಇರುವುದು ಅದೇ ವಿಶ್ವವಿದ್ಯಾಲಯದ ಹೆಸರು.

ಈ ಕ್ಲಬ್‌ಗಳಿಗೆ ದೇಶಮಟ್ಟದಲ್ಲಿ ಕೊಡೆ ಹಿಡಿಯಲು 1991ರಲ್ಲಿ ಹುಟ್ಟಿದ್ದು ಅಮೆರಿಕನ್ ಕಾಲೇಜಿಯೇಟ್ ಹಾಕಿ ಅಸೋಸಿಯೇಷನ್, ಎಲ್ಲರ ಬಾಯಲ್ಲಿ ಎಸಿಎಚ್‌ಎ. ಪುರುಷರಿಗೆ ಮೂರು ದರ್ಜೆ, ಮಹಿಳೆಯರಿಗೆ ಎರಡು. ಇತ್ತೀಚೆಗೆ ಎಎಯು ಎಂಬ ಹಳೆಯ ಹವ್ಯಾಸಿ ಕ್ರೀಡಾ ಸಂಸ್ಥೆಯೂ ಕಾಲೇಜು ಹಾಕಿಗೆ ತನ್ನದೇ ಕೊಡೆ ಬಿಚ್ಚಿದೆ. ದಕ್ಷಿಣದ ಕೆಲವರು ಅದರಡಿಗೆ ಸರಿದಿದ್ದಾರೆ. ಕೊಡೆ ಯಾವುದಾದರೂ ನಿತ್ಯದ ನಡೆ ಒಂದೇ, ಮತ್ತು ಆ ನಿತ್ಯವನ್ನು ನಡೆಸುವುದು ಪ್ರಾದೇಶಿಕ ಲೀಗ್. ದೇಶ ಅಷ್ಟು ದೊಡ್ಡದು, ಹುಡುಗರ ಜೇಬು ಇಷ್ಟು ಸಣ್ಣದು. ಕಾರಿನಲ್ಲೋ ವ್ಯಾನಿನಲ್ಲೋ ಶುಕ್ರವಾರ ಕ್ಲಾಸ್ ಮುಗಿಸಿ ಹೊರಟು ಭಾನುವಾರದೊಳಗೆ ಮರಳುವಷ್ಟು ದೂರದಲ್ಲಿ ಎದುರಾಳಿಗಳು ಸಿಗಬೇಕು. ಪ್ರಾದೇಶಿಕ ಲೀಗಿನ ಗಡಿಯನ್ನು ಎಳೆಯುವುದು ಪೆಟ್ರೋಲ್ ಲೆಕ್ಕ.

ಇನ್ನು ಐಸ್. ಪ್ರಮಾಣದ ರಿಂಕ್ 200 ಅಡಿ ಉದ್ದ, 85 ಅಡಿ ಅಗಲ. ಕಾಂಕ್ರೀಟ್ ನೆಲದೊಳಗೆ ಕಿಲೊಮೀಟರ್‌ಗಟ್ಟಲೆ ಕೊಳವೆ. ಅದರಲ್ಲಿ ಸೊನ್ನೆಗಿಂತ ಕೆಳಗೆ ತಣಿಸಿದ ಉಪ್ಪುನೀರೋ ಗ್ಲೈಕಾಲೋ ಸದಾ ಹರಿಯುತ್ತಿರಬೇಕು. ಅದರ ಮೇಲೆ ನೀರನ್ನು ಒಂದೊಂದೇ ತೆಳು ಪದರವಾಗಿ ಸಿಂಪಡಿಸಿ ಹೆಪ್ಪುಗಟ್ಟಿಸುತ್ತಾರೆ. ನಡುವೆ ಬಿಳಿ ಬಣ್ಣ, ಕೆಂಪು ನೀಲಿ ಗೆರೆಗಳು. ಅದರ ಮೇಲೆ ಮತ್ತೆ ನೀರು. ಇಷ್ಟೆಲ್ಲ ಮಾಡಿ ಸಿಗುವ ಐಸ್‌ನ ದಪ್ಪ ಒಂದು, ಒಂದೂವರೆ ಇಂಚು. ಹೊರಗೆ ಸೆಕೆ, ಗಾಳಿಯಲ್ಲಿ ತೇವ ಇರುವ ದಕ್ಷಿಣದಲ್ಲಿ ಕಂಪ್ರೆಸರ್‌ನ ಜೊತೆಗೆ ತೇವ ಹೀರುವ ಯಂತ್ರವೂ ದುಡಿಯಬೇಕು. ಇಲ್ಲದಿದ್ದರೆ ರಿಂಕ್‌ನೊಳಗೇ ಮಂಜು ಕವಿಯುತ್ತದೆ. ಆಡಲಿ ಬಿಡಲಿ, ಕರೆಂಟು ಬಿಲ್ಲಿನ ಮೀಟರ್ ಓಡುತ್ತಲೇ ಇರುತ್ತದೆ. ಹಾಗಾಗಿ ರಿಂಕ್ ಮಾಲೀಕನಿಗೆ ಖಾಲಿ ಗಂಟೆ ಎಂದರೆ ನಷ್ಟದ ಗಂಟೆ. ಊರಿಗೆ ತಕ್ಕಂತೆ ಗಂಟೆಯ ಬಾಡಿಗೆ ಇನ್ನೂರು ಮುನ್ನೂರು ಡಾಲರ್‌ನಿಂದ ನಾಲ್ಕು ನೂರರ ಮೇಲೂ ಹೋಗುತ್ತದೆ.

ಆ ಗಂಟೆಯೂ ಪೂರ್ತಿ ಗಂಟೆಯಲ್ಲ. ಒಂದು ಗುಂಪು ಇಳಿದ ಮೇಲೆ ಐಸ್ ತುಂಬ ಸ್ಕೇಟ್ಸ್‌ನ ಗೀರು, ತುರಿದ ಹಿಮದ ಪುಡಿ. ಆಗ ಝಾಂಬೋನಿ ಒಳಗೆ ಬರುತ್ತದೆ. ಕ್ಯಾಲಿಫೋರ್ನಿಯಾದ ಫ್ರಾಂಕ್ ಝಾಂಬೋನಿ 1949ರಲ್ಲಿ ರೂಪಿಸಿದ ಈ ಗಾಡಿ ಅಡಿಯ ಅಲಗಿನಿಂದ ಮೇಲ್ಪದರವನ್ನು ಹೆರೆದು ಒಳಗೆಳೆದುಕೊಳ್ಳುತ್ತದೆ, ಗೀರುಗಳೊಳಗಿನ ಕೊಳೆ ತೊಳೆಯುತ್ತದೆ, ಹಿಂದಿನಿಂದ ಬಿಸಿನೀರು ಸವರುತ್ತ ಹೋಗುತ್ತದೆ. ತಣ್ಣೀರು ಏಕಲ್ಲ ಎಂದರೆ, ಬಿಸಿನೀರು ಹಳೆಯ ಐಸ್‌ನ ಮೇಲ್ಮೈಯನ್ನು ಕೊಂಚ ಕರಗಿಸಿ ಅದರೊಡನೆ ಬೆಸೆದುಕೊಂಡು ಹೆಪ್ಪುಗಟ್ಟುತ್ತದೆ. ಅದರಲ್ಲಿ ಗಾಳಿಯ ಗುಳ್ಳೆಯೂ ಕಡಿಮೆ. ಗಾಡಿ ಸುತ್ತಿ ಮುಗಿಸಿ, ನೀರು ಗಟ್ಟಿಯಾಗುವಷ್ಟರಲ್ಲಿ ಹತ್ತು ನಿಮಿಷ ಹೋಗಿರುತ್ತದೆ. ಅದು ನಿಮ್ಮ ಬಾಡಿಗೆಯ ಹತ್ತು ನಿಮಿಷ.

ಸಂಜೆ ನಾಲ್ಕರಿಂದ ಎಂಟರವರೆಗಿನ ಹೊತ್ತು ಮುಹೂರ್ತದ ದಿನದ ಕಲ್ಯಾಣ ಮಂಟಪವಿದ್ದ ಹಾಗೆ, ವರ್ಷದ ಮೊದಲೇ ಬುಕ್ ಆಗಿರುತ್ತದೆ. ಚಿಕ್ಕ ಮಕ್ಕಳ ಹಾಕಿ ಶಾಲೆ, ಫಿಗರ್ ಸ್ಕೇಟಿಂಗ್ ಕಲಿಯುವ ಹುಡುಗಿಯರು, ಟಿಕೆಟ್ ಕೊಂಡು ಜಾರಾಡಲು ಬರುವ ಸಾರ್ವಜನಿಕರು, ಇವರೆಲ್ಲ ರಿಂಕ್‌ನ ಖಾಯಂ ಗಿರಾಕಿಗಳು. ಕಾಲೇಜು ಹುಡುಗರಿಗೆ ಮರುದಿನ ಬೆಳಿಗ್ಗೆ ಆಫೀಸಿಲ್ಲ, ಅಮ್ಮ ಬೈಯುವುದಿಲ್ಲ. ಅವರ ಪಾಲಿಗೆ ಬರುವುದು ರಾತ್ರಿ ಒಂಬತ್ತೂವರೆ, ಹತ್ತು, ಕೆಲವೊಮ್ಮೆ ಹತ್ತೂ ಮುಕ್ಕಾಲು. ಅಭ್ಯಾಸ ಮುಗಿಸಿ, ಒದ್ದೆ ಪ್ಯಾಡುಗಳನ್ನು ಬ್ಯಾಗಿಗೆ ತುರುಕಿ, ಹಾಸ್ಟೆಲ್ ಸೇರುವಾಗ ಮಧ್ಯರಾತ್ರಿ ದಾಟಿರುತ್ತದೆ. ಆ ಬ್ಯಾಗನ್ನು ರೂಮಿನೊಳಗೆ ತೆರೆಯಬಾರದು ಎಂಬುದು ರೂಂಮೇಟ್‌ಗಳು ಮೊದಲ ವಾರವೇ ಮಾಡುವ ಕಾನೂನು. ಒಣಗದ ಹಾಕಿ ಗ್ಲೌಸ್‌ನ ವಾಸನೆಗೆ ಬೇರೆ ಸಾಟಿಯಿಲ್ಲ.

ಲೆಕ್ಕ ಹಾಕಿ ನೋಡೋಣ. ವಾರಕ್ಕೆ ಎರಡು ಅಭ್ಯಾಸ, ತಲಾ ಒಂದೂಕಾಲು ಗಂಟೆ, ಇಪ್ಪತ್ತು ವಾರ ಎಂದಿಟ್ಟುಕೊಂಡರೆ 50 ಗಂಟೆ. ತವರಿನಲ್ಲಿ ಹನ್ನೆರಡು ಪಂದ್ಯ, ತಲಾ ಎರಡೂವರೆ ಗಂಟೆ, ಅಂದರೆ 30 ಗಂಟೆ. ಗಂಟೆಗೆ 350 ಡಾಲರ್ ಹಿಡಿದರೆ ಐಸ್ ಒಂದಕ್ಕೇ 28,000 ಡಾಲರ್. ತಂಡದಲ್ಲಿ 25 ಜನ ಇದ್ದರೆ ತಲೆಗೆ 1,120. ಇದರ ಮೇಲೆ ಪ್ರತಿ ಪಂದ್ಯಕ್ಕೂ ರೆಫರಿಗಳ ಸಂಭಾವನೆ, ಪ್ರಥಮ ಚಿಕಿತ್ಸೆಗೆ ನಿಲ್ಲುವ ತರಬೇತಿ ಪಡೆದವರ ಶುಲ್ಕ, ಲೀಗ್‌ನ ಸದಸ್ಯತ್ವ, ಜರ್ಸಿ, ಹೊರ ಊರಿನ ಹೋಟೆಲ್, ಪೆಟ್ರೋಲ್. ವರ್ಷದ ವಂತಿಗೆ ಎರಡು ಮೂರು ಸಾವಿರ ಡಾಲರ್ ಮುಟ್ಟುವುದು ಹೀಗೆ. ಸ್ಕೇಟ್ಸ್, ಸ್ಟಿಕ್, ಹೆಲ್ಮೆಟ್ ಅವರವರದೇ. ಗೋಲ್‌ಕೀಪರ್‌ನ ಸಾಮಾನು ಬೇರೆಯವರದಕ್ಕಿಂತ ಎಷ್ಟೋ ದುಬಾರಿ. ಎಷ್ಟೋ ಕ್ಲಬ್‌ಗಳು ಗೋಲ್‌ಕೀಪರ್‌ಗೆ ವಂತಿಗೆಯಲ್ಲಿ ರಿಯಾಯಿತಿ ಕೊಡುವುದು ಕರುಣೆಯಿಂದಲ್ಲ, ಅವನಿಲ್ಲದೆ ಪಂದ್ಯವೇ ಇಲ್ಲ ಎಂಬ ಭಯದಿಂದ.

ಕ್ಯಾಂಪಸ್‌ನಲ್ಲೇ ರಿಂಕ್ ಇರುವುದು ಇಲ್ಲಿ ಅಪರೂಪದ ಭಾಗ್ಯ. ವರ್ಜೀನಿಯಾದ ಲಿಂಚ್‌ಬರ್ಗ್‌ನಲ್ಲಿರುವ ಲಿಬರ್ಟಿ ವಿಶ್ವವಿದ್ಯಾಲಯಕ್ಕೆ 2006ರಲ್ಲಿ ಸ್ವಂತ ರಿಂಕ್ ಬಂತು. ಅದರ ತಂಡಗಳ ಬಲಕ್ಕೂ ಅದಕ್ಕೂ ಸಂಬಂಧವಿಲ್ಲ ಎಂದು ಯಾರೂ ಹೇಳಲಾರರು. ಉಳಿದವರು ಓಡಾಡಬೇಕು. ಚಾಪೆಲ್ ಹಿಲ್‌ನವರು ಇಪ್ಪತ್ತು ಕಿಲೊಮೀಟರ್ ಆಚೆಯ ಹಿಲ್ಸ್‌ಬರೊಗೆ, ಬ್ಲ್ಯಾಕ್ಸ್‌ಬರ್ಗ್‌ನ ವರ್ಜೀನಿಯಾ ಟೆಕ್‌ನವರು ಅರವತ್ತು ಕಿಲೊಮೀಟರ್ ಆಚೆಯ ರೋನೋಕ್‌ಗೆ. ಎಲ್ಲಕ್ಕಿಂತ ಪೆಟ್ಟು ತಿಂದವರು ಶಾರ್ಲಟ್ಸ್‌ವಿಲ್‌ನ ವರ್ಜೀನಿಯಾ ವಿಶ್ವವಿದ್ಯಾಲಯದವರು. ಪೇಟೆಯ ನಡುವೆ ಇದ್ದ ಮೇನ್ ಸ್ಟ್ರೀಟ್ ಅರೆನಾವನ್ನು 2018ರಲ್ಲಿ ಕೆಡವಿ ಆಫೀಸು ಕಟ್ಟಡಕ್ಕೆ ಜಾಗ ಮಾಡಿದರು. ತಂಡದಲ್ಲಿ ಆಟಗಾರರಿದ್ದರು, ಕೋಚ್ ಇದ್ದರು, ಹೆಸರಿತ್ತು, ಊರಲ್ಲಿ ಐಸ್ ಮಾತ್ರ ಇರಲಿಲ್ಲ. ಅಂದಿನಿಂದ ಅಭ್ಯಾಸಕ್ಕೂ ಬೇರೆ ಊರಿನ ರಿಂಕ್‌ಗೆ ಹೆದ್ದಾರಿ ಹಿಡಿಯುವ ಪಾಡು. ತವರಿನ ಪಂದ್ಯಕ್ಕೂ ಪ್ರಯಾಣ ಮಾಡಬೇಕಾದ ತಂಡ ಎಂದರೆ ಹೀಗಿರುತ್ತದೆ.

ಲೀಗ್‌ನ ವೇಳಾಪಟ್ಟಿ ಹುಟ್ಟುವುದೂ ಈ ಗಂಟೆಗಳಿಂದಲೇ. ಬೇಸಿಗೆಯಲ್ಲಿ ಪ್ರತಿ ಕ್ಲಬ್ ತನ್ನ ರಿಂಕ್ ಯಾವ ಶುಕ್ರವಾರ, ಯಾವ ಶನಿವಾರ ಸಿಗುತ್ತದೆಂದು ಪಟ್ಟಿ ಹಿಡಿದು ಬರುತ್ತದೆ. ಆ ಪಟ್ಟಿಯನ್ನು ಪರೀಕ್ಷೆ, ಥ್ಯಾಂಕ್ಸ್‌ಗಿವಿಂಗ್ ರಜೆ, ಫುಟ್‌ಬಾಲ್ ತಂಡದ ತವರಿನ ದಿನಗಳ ಜೊತೆ ಹೊಂದಿಸಬೇಕು. ಫುಟ್‌ಬಾಲ್ ಇರುವ ಶನಿವಾರ ಊರಲ್ಲಿ ಹೋಟೆಲ್ ಕೋಣೆಯೂ ಸಿಗದು, ಹಾಕಿಗೆ ಪ್ರೇಕ್ಷಕನೂ ಸಿಗ. ಒಂದೇ ಪ್ರಯಾಣದಲ್ಲಿ ಎರಡು ಪಂದ್ಯ ಮುಗಿಸುವುದು ಎಲ್ಲರಿಗೂ ಇಷ್ಟ. ಸೆಪ್ಟೆಂಬರ್ ಕೊನೆಗೆ ಶುರುವಾದ ಆಟ ಡಿಸೆಂಬರ್ ಪರೀಕ್ಷೆಗೆ ನಿಂತು, ಜನವರಿಯಲ್ಲಿ ಮತ್ತೆ ಹಿಡಿದು, ಫೆಬ್ರವರಿಯಲ್ಲಿ ಲೀಗ್‌ನ ನಾಕೌಟ್‌ಗೆ ಬರುತ್ತದೆ. ರಾಷ್ಟ್ರಮಟ್ಟದ ಕೂಟ ಮಾರ್ಚ್‌ನಲ್ಲಿ. ಅಂಕಗಳದ್ದು ಸುಲಭ: ಸಾಮಾನ್ಯವಾಗಿ ಗೆದ್ದರೆ ಎರಡು, ಹೆಚ್ಚುವರಿ ಅವಧಿಯಲ್ಲಿ ಸೋತರೆ ಒಂದು. ಬಾರದೆ ಕೈಕೊಟ್ಟ ತಂಡಕ್ಕೆ ಸೋಲಿನ ಜೊತೆ ದಂಡ. ಏಕೆಂದರೆ ಎದುರಾಳಿ ಬಾರದಿದ್ದರೂ ತವರಿನವರು ಐಸ್‌ನ ಬಾಡಿಗೆ ಕಟ್ಟಲೇಬೇಕು.

ಆಟದ ಕಡೆ ಬರೋಣ. ಇಪ್ಪತ್ತು ನಿಮಿಷದ ಮೂರು ಅವಧಿ. ಒಂದು ಕಡೆಗೆ ಐವರು ಆಟಗಾರರು, ಒಬ್ಬ ಗೋಲ್‌ಕೀಪರ್. ಚೆಂಡಿನ ಬದಲು ಪಕ್: ಮೂರು ಇಂಚು ಅಡ್ಡಗಲ, ಒಂದು ಇಂಚು ದಪ್ಪದ ಗಟ್ಟಿ ರಬ್ಬರ್ ಬಿಲ್ಲೆ, ಪುಟಿಯದಿರಲೆಂದು ಅದನ್ನು ಮೊದಲೇ ಫ್ರೀಜರ್‌ನಲ್ಲಿಟ್ಟಿರುತ್ತಾರೆ. ಐಸ್ ಮೇಲೆ ಪೂರ್ತಿ ವೇಗದಲ್ಲಿ ಮುಕ್ಕಾಲು ನಿಮಿಷ ಓಡಿದರೆ ತೊಡೆಗಳು ಉರಿಯತೊಡಗುತ್ತವೆ. ಹಾಗಾಗಿ ಆಟ ನಡೆಯುತ್ತಿರುವಾಗಲೇ ಒಬ್ಬ ಬೇಲಿ ಹಾರಿ ಬೆಂಚಿಗೆ, ಇನ್ನೊಬ್ಬ ಬೇಲಿ ಹಾರಿ ಆಟಕ್ಕೆ. ಒಳ್ಳೆಯ ತಂಡ ಮೂರು ನಾಲ್ಕು ಸಾಲು ಆಟಗಾರರನ್ನು ಹೀಗೆ ತಿರುಗಿಸುತ್ತಿರುತ್ತದೆ. ಸಣ್ಣ ತಪ್ಪಿಗೆ ಎರಡು ನಿಮಿಷ ಪೆಟ್ಟಿಗೆಯೊಳಗೆ ಕೂರಬೇಕು, ಅಷ್ಟು ಹೊತ್ತು ತಂಡಕ್ಕೆ ಒಬ್ಬ ಕಡಿಮೆ. ಟಿವಿಯಲ್ಲಿ ಕಾಣುವ ವೃತ್ತಿಪರರ ಹಾಗೆ ಇಲ್ಲಿ ಮುಷ್ಟಿ ಎತ್ತುವಂತಿಲ್ಲ. ಕಾಲೇಜು ಹಾಕಿಯಲ್ಲಿ ಹೊಡೆದಾಡಿದವನು ಆ ಪಂದ್ಯದಿಂದ ಹೊರಗೆ, ಮುಂದಿನ ಪಂದ್ಯಕ್ಕೂ ನಿಷೇಧ. ಮುಖವನ್ನು ಪೂರ್ತಿ ಮುಚ್ಚುವ ಜಾಲರಿಯೂ ಕಡ್ಡಾಯ.

ಕ್ಲಬ್ ಪಂದ್ಯವನ್ನು ಓದಲು ಒಂದು ಸುಲಭದ ಉಪಾಯವಿದೆ. ಆಟ ಶುರುವಾಗುವ ಮುಂಚೆ ಹೊರ ಊರಿನ ತಂಡದ ಬೆಂಚನ್ನು ಎಣಿಸಿ. ಪಟ್ಟಿಯಲ್ಲಿ ಇಪ್ಪತ್ತೈದು ಹೆಸರಿದ್ದರೂ ಬಂದವರು ಹನ್ನೊಂದೋ ಹನ್ನೆರಡೋ ಇರಬಹುದು. ಒಬ್ಬನಿಗೆ ಸೋಮವಾರ ಆರ್ಗ್ಯಾನಿಕ್ ಕೆಮಿಸ್ಟ್ರಿ ಪರೀಕ್ಷೆ, ಇನ್ನೊಬ್ಬನಿಗೆ ಕೆಲಸದ ಇಂಟರ್‌ವ್ಯೂ, ಮತ್ತೊಬ್ಬನ ಕಾರು ಕೆಟ್ಟಿದೆ. ಎರಡೇ ಸಾಲು ಇರುವ ತಂಡ ಮೊದಲ ಅವಧಿಯಲ್ಲಿ ಸಮಬಲವಾಗಿಯೇ ಆಡುತ್ತದೆ. ಎರಡನೆಯದರ ಹೊತ್ತಿಗೆ ಬೆಂಚಿಗೆ ಮರಳುವವರು ತಡವಾಗುತ್ತಾರೆ, ಮೊಣಕಾಲ ಮೇಲೆ ಸ್ಟಿಕ್ ಊರಿ ನಿಲ್ಲುತ್ತಾರೆ. ಮೂರನೆಯದರಲ್ಲಿ ಪಕ್ ಕೈಗೆ ಸಿಕ್ಕ ಕೂಡಲೇ ಯೋಚಿಸದೆ ಆ ತುದಿಗೆ ಅಟ್ಟುತ್ತಾರೆ. ಆಗ ಐಸಿಂಗ್ ಎಂದು ರೆಫರಿ ಸೀಟಿ ಊದುತ್ತಾನೆ, ಅವರದೇ ಗೋಲಿನ ಪಕ್ಕದಲ್ಲಿ ಆಟ ಮತ್ತೆ ಶುರು. ಸುಸ್ತಿನಿಂದ ಐಸಿಂಗ್, ಐಸಿಂಗ್‌ನಿಂದ ಇನ್ನಷ್ಟು ಸುಸ್ತು. 2-2 ಇದ್ದದ್ದು 7-2 ಆಗುವ ಕ್ಲಬ್ ಪಂದ್ಯಗಳ ಹಿಂದೆ ಎಷ್ಟೋ ಸಲ ಇರುವುದು ಇಷ್ಟೇ.

ಆಡುವವರು ಯಾರು? ವಾರ್ಸಿಟಿಯ ಮೇಲೆ ಕಣ್ಣಿಟ್ಟ ಹುಡುಗ ಹೈಸ್ಕೂಲ್ ಮುಗಿಸಿದ ಮೇಲೆ ಒಂದೆರಡು ವರ್ಷ ಜೂನಿಯರ್ ಲೀಗ್‌ಗಳಲ್ಲಿ ಪರ ಊರಿನಲ್ಲಿದ್ದು ಆಡಿ, ಇಪ್ಪತ್ತು ಇಪ್ಪತ್ತೊಂದರ ವಯಸ್ಸಿಗೆ ಕಾಲೇಜು ಸೇರುವುದು ರೂಢಿ. ಅಷ್ಟು ಕಾಯಲು ಮನಸ್ಸಿಲ್ಲದೆ, ಹದಿನೆಂಟಕ್ಕೇ ಎಂಜಿನಿಯರಿಂಗೋ ಬಿಸಿನೆಸ್ಸೋ ಓದಲು ಬಂದವರು ಕ್ಲಬ್‌ನ ಬೆನ್ನೆಲುಬು. ಅವರಲ್ಲಿ ಉತ್ತರದ ಚಳಿ ರಾಜ್ಯಗಳಿಂದ ಬಂದವರು ಒಂದು ಪಾಲು. ಇನ್ನೊಂದು ಪಾಲು ಇಲ್ಲೇ ಬೆಳೆದವರು. 1997ರಲ್ಲಿ ಹಾರ್ಟ್‌ಫರ್ಡ್‌ನ ವೃತ್ತಿಪರ ತಂಡ ಕ್ಯಾರೊಲೈನಾ ಹರಿಕೇನ್ಸ್ ಎಂಬ ಹೆಸರಿನಲ್ಲಿ ನಾರ್ತ್ ಕ್ಯಾರೊಲೈನಾಕ್ಕೆ ಬಂತು, ಎರಡು ವರ್ಷ ಗ್ರೀನ್ಸ್‌ಬರೊದಲ್ಲಿ ಆಡಿ ರಾಲಿಗೆ ಇಳಿಯಿತು, 2006ರಲ್ಲಿ ವೃತ್ತಿಪರ ಲೀಗ್‌ನ ಕಿರೀಟವಾದ ಸ್ಟಾನ್ಲಿ ಕಪ್ ಗೆದ್ದಿತು. ಆ ಗಲಾಟೆಯಲ್ಲಿ ಸ್ಕೇಟ್ಸ್ ಕೊಡಿಸೆಂದು ಹಟ ಹಿಡಿದ ಮಕ್ಕಳು ಈಗ ದೊಡ್ಡವರಾಗಿದ್ದಾರೆ. ಓದಿನ ಕಟ್ಟುಪಾಡು ಕ್ಲಬ್‌ಗೂ ಇದೆ. ಪೂರ್ಣಾವಧಿ ವಿದ್ಯಾರ್ಥಿಯಾಗಿರಬೇಕು, ಅಂಕಗಳ ಸರಾಸರಿ ನಿಗದಿತ ಮಟ್ಟಕ್ಕಿಂತ ಕೆಳಗೆ ಬೀಳಬಾರದು. ಅರ್ಹತೆ ಇಲ್ಲದವನನ್ನು ಆಡಿಸಿದರೆ ಗೆದ್ದ ಪಂದ್ಯವೂ ಕೈತಪ್ಪುತ್ತದೆ.

ಕ್ಲಬ್ ಮೇಲಿನ ಅಂತಸ್ತಿಗೆ ಹತ್ತಿದ ಉದಾಹರಣೆಗಳೂ ಇವೆ, ಆದರೆ ಏಣಿ ಚಿನ್ನದ್ದಾಗಿತ್ತು. ಪೆನ್ ಸ್ಟೇಟ್ ವರ್ಷಗಟ್ಟಲೆ ಕ್ಲಬ್ ಹಾಕಿಯ ದೊಡ್ಡಣ್ಣನಾಗಿತ್ತು. 2010ರಲ್ಲಿ ಉದ್ಯಮಿ ಟೆರಿ ಪೆಗುಲಾ 8 ಕೋಟಿ 80 ಲಕ್ಷ ಡಾಲರ್ ಕೊಡುವುದಾಗಿ ಹೇಳಿದ ಮೇಲೆಯೇ 2012ರಲ್ಲಿ ತಂಡ ವಾರ್ಸಿಟಿಯಾಯಿತು, ಹೊಸ ರಿಂಕ್ ಎದ್ದಿತು. ಮರುಭೂಮಿಯ ಅರಿಜೋನಾ ಸ್ಟೇಟ್ 2014ರಲ್ಲಿ ಕ್ಲಬ್‌ಗಳ ರಾಷ್ಟ್ರೀಯ ಪ್ರಶಸ್ತಿ ಗೆದ್ದು, ಅದೇ ವರ್ಷ 3 ಕೋಟಿ 20 ಲಕ್ಷ ಡಾಲರ್ ದಾನದ ಬಲದಿಂದ ಬಡ್ತಿ ಘೋಷಿಸಿತು. ಅಂಥ ದಾನಿ ಸಿಗದ ಕಡೆ ಹುಡುಗರು ಪಿಜ್ಜಾ ಅಂಗಡಿಯ ಪ್ರಾಯೋಜಕತ್ವಕ್ಕೆ ಬಾಗಿಲು ತಟ್ಟುತ್ತಾರೆ.

ಅಪರೂಪಕ್ಕೊಮ್ಮೆ ಐಸ್ ತಾನಾಗಿಯೇ ಒಲಿದು ಬರುವುದುಂಟು. 2023ರ ಫೆಬ್ರವರಿ 18ರಂದು ಹರಿಕೇನ್ಸ್ ತಂಡ ವಾಷಿಂಗ್ಟನ್ ವಿರುದ್ಧ ರಾಲಿಯ ಕಾರ್ಟರ್-ಫಿನ್ಲಿ ಫುಟ್‌ಬಾಲ್ ಮೈದಾನದಲ್ಲಿ, ಬಯಲಲ್ಲಿ ಹಾಸಿದ ರಿಂಕ್ ಮೇಲೆ ಆಡಿತು. ಆ ಐಸ್ ಕರಗಿಸುವ ಮುಂಚೆ, 20ರಂದು, ಅದರ ಮೇಲೆ ನಾರ್ತ್ ಕ್ಯಾರೊಲೈನಾ ಸ್ಟೇಟ್ ಮತ್ತು ಚಾಪೆಲ್ ಹಿಲ್‌ನ ಕ್ಲಬ್ ತಂಡಗಳನ್ನು ಇಳಿಸಿದರು. ಮಾಮೂಲಿ ರಾತ್ರಿಯಲ್ಲಿ ಗೆಳೆಯರು, ಗೆಳತಿಯರು, ತಾಯ್ತಂದೆಯರು ಸೇರಿ ಕೆಲವು ನೂರು ಜನ ಕಾಣುವ ಹುಡುಗರ ಮುಂದೆ ಅಂದು ಇಪ್ಪತ್ತು ಸಾವಿರಕ್ಕೂ ಹೆಚ್ಚು ಮಂದಿ ಕೂತಿದ್ದರು.

ರಾಲಿಯ ಪಕ್ಕದ ಕ್ಯಾರಿ, ಮಾರಿಸ್‌ವಿಲ್‌ಗಳಲ್ಲಿ ಕನ್ನಡ ಮನೆಗಳು ಬೇಕಾದಷ್ಟಿವೆ, ಮಾರಿಸ್‌ವಿಲ್‌ನಲ್ಲಿ ರಿಂಕ್ ಕೂಡ ಇದೆ. ಪಂದ್ಯ ನೋಡಲು ಹೋಗುವವರು ಹೊರಗೆ ಎಷ್ಟೇ ಸೆಕೆ ಇದ್ದರೂ ಸ್ವೆಟರ್ ಒಯ್ಯಿರಿ. ಟಿಕೆಟ್ ಇದ್ದರೂ ಅಗ್ಗ. ಆದರೆ ಮನೆಯ ಮಗನೋ ಮಗಳೋ ಟ್ರೈಔಟ್‌ಗೆ, ಅಂದರೆ ತಂಡದ ಆಯ್ಕೆಗೆ, ಹೋಗುತ್ತೇನೆ ಎಂದರೆ ಕೇಳಬೇಕಾದ ಪ್ರಶ್ನೆಗಳು ಬೇರೆ. ಟ್ರೈಔಟ್ ಸಾಮಾನ್ಯವಾಗಿ ಸೆಮಿಸ್ಟರ್‌ನ ಮೊದಲ ವಾರಗಳಲ್ಲೇ ಮುಗಿದುಹೋಗುತ್ತದೆ. ವಂತಿಗೆ ಎಷ್ಟು, ಕಂತಿನಲ್ಲಿ ಕಟ್ಟಬಹುದೇ, ನಡುವೆ ಗಾಯಗೊಂಡರೆ ವಾಪಸು ಬರುತ್ತದೆಯೇ? ಸದಸ್ಯತ್ವದೊಡನೆ ಬರುವ ವಿಮೆ ಏನನ್ನು ಭರಿಸುತ್ತದೆ, ಮನೆಯ ವಿಮೆ ಏನನ್ನು? ತಲೆಗೆ ಪೆಟ್ಟಾದರೆ ಮತ್ತೆ ಐಸ್‌ಗೆ ಇಳಿಯಲು ಯಾರ ಒಪ್ಪಿಗೆ ಬೇಕು? ಬಹಳ ಮಂದಿ ಮರೆಯುವ ಪ್ರಶ್ನೆ ಇನ್ನೊಂದಿದೆ: ರಾತ್ರಿ ಹನ್ನೊಂದೂವರೆಗೆ ಪಂದ್ಯ ಮುಗಿದ ಮೇಲೆ ಮೂರು ಗಂಟೆ ಕಾರು ಓಡಿಸುವವರು ಯಾರು? ಕೆಲವು ವಿಶ್ವವಿದ್ಯಾಲಯಗಳು ಇಂತಿಷ್ಟು ಗಂಟೆಯ ನಂತರ ವಿದ್ಯಾರ್ಥಿಗಳು ವ್ಯಾನ್ ಓಡಿಸಬಾರದೆಂದು ನಿಯಮ ಮಾಡಿವೆ. ಅಲ್ಲಿ ಹೋಟೆಲ್ ಖರ್ಚು ವಂತಿಗೆಯಲ್ಲೇ ಸೇರಿರುತ್ತದೆ. ಸ್ವಂತ ಕಾರಿನಲ್ಲಿ ಬರಲಿ ಎಂದು ಬಿಟ್ಟಿರುವ ಕ್ಲಬ್ ಆದರೆ ಖಜಾಂಚಿಯ ಹತ್ತಿರ ಇದನ್ನು ಮೊದಲೇ ಮಾತಾಡಿಕೊಳ್ಳುವುದು ಒಳ್ಳೆಯದು. ಖಜಾಂಚಿಯೂ ಇಪ್ಪತ್ತರ ಹುಡುಗನೇ, ಆದರೆ ಲೆಕ್ಕದ ಪುಸ್ತಕ ಅವನ ಕೈಯಲ್ಲಿದೆ.